ಒಳಮನೆಯಲ್ಲಿ ಕುಳಿತ ಬೀಗರ ಫೋಟೊಗಳು

ಇದೆಲ್ಲ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಮೊನ್ನೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ನಿನ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದಾಗ ಅಥಣಿಯ ಸ್ಟುಡಿಯೊ ಕಾಕು ನೆನಪಾದರು. ಫೋಟೊ ಸ್ಟುಡಿಯೊ ನಡೆಸುತ್ತಿದ್ದ ಅವರನ್ನು ಊರೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು.

ಎರಡು ಸಾವಿರದ ಹತ್ತರ ಆಚೀಚೆ ಇರಬೇಕು. ನನ್ನ ತಂಗಿಯ ಮದುವೆಯಾಗಿ ವಾರವೋ, ಹದಿನೈದು ದಿನವೋ... ಆಲ್ಬಮ್ಮಿಗೆ ಫೋಟೊ ಆರಿಸಲು ನಿಪ್ಪಾಣಿಯಿಂದ ಬೀಗರು ಬಂದಿದ್ದರು. ಕಾಕು ಕಂಪ್ಯೂಟರಿಗೆ ಜೋಡಿಸಿದ ಸ್ಟುಡಿಯೊದ ಟಿವಿಯಲ್ಲಿ ಒಂದೊಂದಾಗಿ ತೋರಿಸಿದರು. ನಾವು. ಮತ್ತೆ ನಾವು. ಐಗಳಿಯ ನಮ್ಮ ಸೋದರಮಾವ ಉಣ್ಣುತ್ತಿರುವುದು, ಕೈ ತೊಳೆಯುತ್ತಿರುವುದು. ಬೀಗರ ಪೈಕಿ ಒಬ್ಬರೂ ಇಲ್ಲ. ವರನೂ ಇಲ್ಲ!

“ಲಗ್ನಕ್ಕ ನಾವು ಬಂದಿದ್ದಿಲ್ಲೇನ್ರಿ?” ವರನ ಚಿಕ್ಕಪ್ಪ ಮೀಸೆ ತಿರುವಿದರು. “ತಾಳಿ ಯಾರ ಕಟ್ಯಾರ, ನಿಮ್ಮ ಸ್ವಾದರಮಾವ?”

ತಂಗಿಯ ಮುಖ ಇಳಿಯಿತು. ಅವರ ಮನೆಯಲ್ಲಿ ಬಾಳಬೇಕಾದವಳು ಅವಳು. ಈ ಕೊಂಕು ವರ್ಷಗಟ್ಟಲೆ ಬೆನ್ನು ಬಿಡುತ್ತಿರಲಿಲ್ಲ.

ಕಾಕು ಹಣೆ ಬಡಿದುಕೊಂಡು ನಕ್ಕರು. ನಮ್ಮವರ ಫೋಟೊಗಳನ್ನು ಮದುವೆಯ ಫೋಲ್ಡರಿನಲ್ಲಿ ಹಾಗೇ ಸುರಿದಿದ್ದರು. ವರನಿದ್ದವನ್ನೂ ಬೀಗರವನ್ನೂ ಮಾತ್ರ ಅದರೊಳಗೊಂದು ಫೋಲ್ಡರ್, ಅದರೊಳಗೆ ಇನ್ನೊಂದು ಮಾಡಿ ಇಟ್ಟಿದ್ದರು. “ಬೀಗರನ್ನ ಹೊರಗ ಕೂಡಸಾಕ ಬರತೈತೇನ್ರಿ? ಮಾನದಿಂದ ಒಳಮನ್ಯಾಗ ಕೂಡಿಸೀನಿ!”

ಫೋಟೊ ಕರೆಯಲು ಅವರು ಹೆಸರಿನ ಜಾಗದಲ್ಲಿ ಒಂದು ನಕ್ಷತ್ರದ ಗುರುತು, ಅವರ ಮಾತಿನಲ್ಲಿ ಚುಕ್ಕಿ, ಒತ್ತುತ್ತಿದ್ದರು. ಹೆಸರು ಏನೇ ಇರಲಿ, ಎಲ್ಲ ಬರಲಿ ಎಂದು ಅದರರ್ಥ. ಆದರೆ ಅದು ಒಂದು ಫೋಲ್ಡರಿನ ಗೋಡೆ ದಾಟದು.

“ಒಂದ ಚುಕ್ಕಿ ಪಡಸಾಲಿ ಮಟ ಅಷ್ಟ. ಜೋಡಚುಕ್ಕಿ ಒಳಗಿನ ಒಳಗೂ ಹೊಕ್ಕ ಕರ್ಕೊಂಡ ಬರತೈತಿ,” ಎನ್ನುತ್ತ ಆ ಒಂಟಿ ನಕ್ಷತ್ರಕ್ಕೂ ಮೊದಲು ಎರಡು ನಕ್ಷತ್ರ, ಒಂದು ಓರೆಗೆರೆ ಸೇರಿಸಿದರು.

ಬಂದರು ನೋಡಿ ಬೀಗರು! ಎಲ್ಲರಿಗಿಂತ ಮುಂದೆ ಚಿಕ್ಕಪ್ಪನವರೇ, ಬಾಯ್ತುಂಬ ಜಿಲೇಬಿ, ಕೈಯಲ್ಲಿ ಇನ್ನೆರಡು.

“ಕಾಕು, ಇದು ಒಳಗ ಇದ್ದದ್ದ ಚಲೋ ಇತ್ತಲ್ರಿ!” ಎಂದು ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ವಿಶ್ವವಿದ್ಯಾಲಯದಿಂದ ಹೊಸದಾಗಿ ಬಂದಿದ್ದ ನಾನು ಅಲ್ಲೂ ಅನುಮಾನ ತೆಗೆದೆ: ಜೋಡಿ ನಕ್ಷತ್ರ ಒಳಗಿನವರನ್ನು ತರುವ ಭರದಲ್ಲಿ ಹೊರಗಿನ ನಮ್ಮನ್ನು ಬಿಟ್ಟುಬಿಟ್ಟರೆ?

“ಯಾರನ್ನೂ ಬಿಡಂಗಿಲ್ಲೋ ತಮ್ಮಾ,” ಎಂದರು ಕಾಕು.

ಆಮೇಲೆ ಟಿವಿಯಲ್ಲಿ ನಾವೂ ಬಂದೆವೋ ಇಲ್ಲವೋ... ಆ ನಗುವಿನಲ್ಲಿ ಯಾರು ನೋಡಿದರು?

ಕಾಕು ಈಗಿಲ್ಲ. ಸ್ಟುಡಿಯೊ ಇದ್ದಲ್ಲಿ ಮೊಬೈಲ್ ಅಂಗಡಿಯಿದೆ. ಜಿಲೇಬಿಯಲ್ಲ, ಲಾಡು ಎಂದು ತಂಗಿ ವಾದಿಸುತ್ತಾಳೆ, ಇರಬಹುದು. ಆದರೆ ಮೊನ್ನೆ ಮನೆಗೆ ಬಂದವನೇ ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಮಾಡಿ, ಹೊರಗೊಂದು, ತೀರ ಒಳಗೊಂದು ಫೋಟೊ ಇಟ್ಟು, ಕಾಕುವಿನಂತೆಯೇ ಜೋಡಿ ನಕ್ಷತ್ರ ಸೇರಿಸಿ ಬರೆದು ನೋಡಿದೆ.

ಎರಡೂ ಬಂದವು.