ಮಾತಾಡಿದವರ ಪಟ್ಟಿ

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೇ ಇತ್ತು. ಕುಕ್ಕರ್ ಕೂಗಿತು, ಕಾಲುಚೀಲದ ಜೋಡಿ ಸಿಗದೆ ನಮ್ಮನೆಯವರು ಕೂಗಿದರು, ನಾನು ಒಂಬತ್ತನೇ ಕ್ಲಾಸಿನ ಮಗಳು ಶಿಲ್ಪಾಳಿಗೆ ಎರಡು ಜಡೆ ಹಾಕಿ ರಿಬ್ಬನ್ ಬಿಗಿಯುತ್ತಿದ್ದೆ. ಅವಳು ತಲೆ ಅಲ್ಲಾಡಿಸದೆ ಸ್ಕೂಲ್ ಡೈರಿಯನ್ನು ಹಿಂದಕ್ಕೆ ಚಾಚಿದಳು. ಹಿಂದಿನ ದಿನದ ತಾರೀಖು, ಕೆಂಪು ಶಾಯಿಯಲ್ಲಿ ಒಂದೇ ಸಾಲು: ತಂದೆ ಅಥವಾ ತಾಯಿ ನಾಳೆಯೇ ಬಂದು ಕಾಣಬೇಕು.

"ಏನೇ ಮಾಡ್ದೆ?"

"ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರ್ದೆ."

"ಅದು ಲೀಡರ್ ಕೆಲಸ ತಾನೇ?"

"ಸ್ಟೆಲ್ಲಾ ಮಿಸ್ ಹೆಸರೂ ಬರ್ದೆ."

ಅಷ್ಟರಲ್ಲಿ ವ್ಯಾನಿನ ಹಾರನ್. ಮಿಕ್ಕಿದ್ದನ್ನು ಗೇಟಿನವರೆಗೆ ಓಡುತ್ತಲೇ ಹೇಳಿದಳು.

ಈ ಪದ್ಧತಿ ನಿಮಗೂ ಗೊತ್ತಿರಬೇಕು. ಟೀಚರ್ ಕ್ಲಾಸು ಬಿಟ್ಟು ಹೊರಗೆ ಕಾಲಿಟ್ಟರೆ ಲೀಡರ್ ಚಾಕ್‌ಪೀಸ್ ಹಿಡಿದು ಬೋರ್ಡಿನ ಪಕ್ಕ ನಿಲ್ಲಬೇಕು, ತುಟಿ ಅಲ್ಲಾಡಿಸಿದವರ ಹೆಸರು ಬರೆಯಬೇಕು, ಮತ್ತೆ ಅಲ್ಲಾಡಿಸಿದರೆ ಹೆಸರಿನ ಮುಂದೆ ಇಂಟು ಮಾರ್ಕ್. ನಮ್ಮ ಕಾನ್ವೆಂಟಿನಲ್ಲೂ ಇತ್ತು. ನನ್ನ ಜೀವದ ಗೆಳತಿ ಮುಮ್ತಾಜಳ ಹೆಸರಿಗೆ ನಾನೇ ಮೂರು ಇಂಟು ಹಾಕಿ, ಒಂದು ವರ್ಷ ಒಬ್ಬಳೇ ಕೂತು ಡಬ್ಬಿ ತಿಂದಿದ್ದೇನೆ. ಸ್ಟೆಲ್ಲಾ ಮಿಸ್ ಬಾಗಿಲಲ್ಲಿ ನಿಂತು ಪಕ್ಕದ ಕ್ಲಾಸಿನ ಮಿಸ್ ಜೊತೆ ಕಮರ್ಷಿಯಲ್ ಸ್ಟ್ರೀಟಿನ ಸೀರೆಗಳ ವಿಚಾರ ಕಾಲು ಗಂಟೆ ಮಾತಾಡಿದರಂತೆ. ನಮ್ಮ ಹುಡುಗಿ ಹನ್ನೆರಡು ಹೆಸರು ಬರೆದು, ಹದಿಮೂರನೆಯದಾಗಿ ಅವರದನ್ನೂ ಸೇರಿಸಿ, ಇಂಟು ಹಾಕಿದ್ದಾಳೆ. ಇದರಲ್ಲಿ ತಪ್ಪೇನು ಹೇಳಿ! ಮಾತಾಡಿದವರ ಹೆಸರು ಬರಿ ಅಂದರು, ಬರೆದಳು.

ದೊಡ್ಡವರು ಆಡಿದರೆ ಮಾತು, ಮಕ್ಕಳು ಆಡಿದರೆ ಗಲಾಟೆ. ಹೆಡ್‌ಮಿಸ್ಟ್ರೆಸ್ ಕಾರಿಡಾರಿನಲ್ಲಿ ಹಾದುಹೋಗುವಾಗ ಸದ್ದಿಲ್ಲದ ಕ್ಲಾಸೇ ಒಳ್ಳೆಯ ಕ್ಲಾಸು. ಮೀಸೆ ಚಿಗುರಿದ ಹುಡುಗರಿಗೂ ತುಟಿಯ ಮೇಲೆ ಬೆರಳು! ನಮ್ಮ ಋಷಿಗಳೂ ಮೌನವ್ರತ ಮಾಡುತ್ತಿದ್ದರು, ನಿಜ. ಆದರೆ ಅವರಾಗಿ ಇಷ್ಟಪಟ್ಟು ಮಾಡುತ್ತಿದ್ದರು. ಪಕ್ಕದಲ್ಲಿ ಚಾಕ್‌ಪೀಸ್ ಹಿಡಿದು ಯಾರೂ ನಿಂತಿರುತ್ತಿರಲಿಲ್ಲ.

ಇದನ್ನೆಲ್ಲ ಹೇಳಿಯೇ ಬಿಡುವುದೆಂದು ಹಲಸೂರಿನಲ್ಲಿ ಆಟೋ ಹತ್ತಿದೆ. ಕುಕ್ ಟೌನ್ ಬರುವಷ್ಟರಲ್ಲಿ ಎಷ್ಟು ಜೋರಾಗಿ ಅಭ್ಯಾಸ ಮಾಡಿದ್ದೆನೆಂದರೆ, ಆಟೋದವನು ಹಿಂತಿರುಗಿ, "ನನ್ಗಾಮ್ಮಾ ಬೈತಿರೋದು?" ಅಂದ.

ಸ್ಟಾಫ್ ರೂಮಿನಲ್ಲಿ ಸ್ಟೆಲ್ಲಾ ಮಿಸ್ ಒಬ್ಬರೇ ಇದ್ದರು. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಅವರು ತಲೆ ಎತ್ತಿದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. "ಗುಡ್ ಮಾರ್ನಿಂಗ್, ಮಿಸ್" ಎಂದು ರಾಗವಾಗಿ ಹೇಳಿದೆ. ಮೂರೂ ಬಿಟ್ಟವಳ ಹಾಗೆ ಬೈದು ಬರಲು ಹೋದವಳು ನಾನು!

ಅವರು ಕೆಟ್ಟವರಲ್ಲ. ಐವತ್ತೆರಡು ಮಕ್ಕಳಿಗೆ ದಿನಾ ಪಾಠ ಹೇಳಿ ಗಂಟಲು ಕಟ್ಟಿತ್ತು, ಟೇಬಲ್ ಮೇಲೆ ಬಿಸಿನೀರಿನ ಫ್ಲಾಸ್ಕ್ ಇತ್ತು. "ಇಡೀ ಕ್ಲಾಸ್ ಚಪ್ಪಾಳೆ ತಟ್ಟಿ ನಗ್ತು ಕಣ್ರೀ, ಇನ್ನು ನಾನು ಹೇಗೆ ಒಳಗೆ ಹೋಗ್ಲಿ?" ಅಂದರು. ಶಿಲ್ಪಾ ನಾಳೆ ಎಲ್ಲರೆದುರು ಕ್ಷಮಾಪಣೆ ಪತ್ರ ಓದಬೇಕು, ಇಲ್ಲವಾದರೆ ಲೀಡರ್ ಬ್ಯಾಡ್ಜ್ ವಾಪಸ್ ಕೊಡಬೇಕು. ಅವರ ಹಿಂದಿನ ಗೋಡೆಯಲ್ಲಿ, ಟೀಚರುಗಳ ತರಬೇತಿಯಿಂದ ತಂದ ಚಾರ್ಟು: 'ಮಗುವಿನ ಮಾತಿಗೆ ಕಿವಿಗೊಡಿ.' ಅದನ್ನು ತೋರಿಸಿ ಕೇಳಬೇಕೆಂದಿದ್ದೆ. ಬಾಯಿಂದ ಬಂದದ್ದು "ಯೆಸ್, ಮಿಸ್."

ಅಲ್ಲಿ ಬಾರದ ಮಾತೆಲ್ಲ ಸಂಜೆ ಮನೆಯಲ್ಲಿ ಬಂತು. ಚಪಾತಿ ಲಟ್ಟಿಸುತ್ತ, ಮಕ್ಕಳ ಬಾಯಿ ಮುಚ್ಚಿಸುವುದೂ ಒಂದು ವಿದ್ಯೆಯೇ? ಎಂದೆ. ಪತ್ರ ಓದಲೇಕೂಡದು ಎಂದೆ. ಐದು ನಿಮಿಷ ಬಿಟ್ಟು, ಓದಿಬಿಡು, ಬ್ಯಾಡ್ಜಾದರೂ ಉಳಿಯಲಿ ಎಂದು ನಾನೇ ನಾಲ್ಕು ಸಾಲು ಬರೆಸಿ, ಸರಿಯಿಲ್ಲವೆಂದು ಹರಿದೆ. ಹೊಸ ಹಾಳೆ ಮುಂದಿಟ್ಟುಕೊಂಡು ಕೂತಿದ್ದ ಶಿಲ್ಪಾ ಎರಡು ಸಲ "ಅಮ್ಮಾ…" ಅಂದಳು. "ತಾಳೇ, ಹೇಳ್ತಿದ್ದೀನಲ್ಲ!" ಅಂದೆ.

ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಾಗಲೂ ನನ್ನ ಗೊಣಗು ನಿಂತಿರಲಿಲ್ಲ. ಗೋಡೆಯಾಚೆ ಕೊತ್ತಂಬರಿ ಬಿಡಿಸುತ್ತಿದ್ದ ಪಕ್ಕದ ಮನೆಯ ಮೆಹರುನ್ನೀಸಾ ತಲೆ ಎತ್ತದೆ ಕೇಳಿದರು:

"ಏನಕ್ಕಾ, ಸಂಜೆಯಿಂದ ನಿಮ್ದು ಒಂದೇ ಆವಾಜ್ ಬರ್ತಾ ಇದೆ. ಶಿಲ್ಪಾ ಸ್ಕೂಲಿಂದ ಇನ್ನೂ ಬಂದಿಲ್ವಾ?"