ಕೂಗದ ಕುಕ್ಕರಿನಲ್ಲಿ ಖೀಮಾ ಉಂಡೆ

"ಬಾಡು ತಿಂತೀರಾ ಮೇಷ್ಟ್ರೇ?"

ಪಾಂಡವಪುರದಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯೊಡತಿ ನಿಂಗಮ್ಮ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಜಗಲಿಯ ಮೇಲೆ ಕೂತು ಅವರು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಬಿಸಿಲಿಗೆ ಸೊಪ್ಪು ಸೊರಗಿ ಅವರ ಕೈಯಲ್ಲೇ ಜೋತುಬಿದ್ದಿತ್ತು. ಬಾಡಿದ್ದನ್ನೆಲ್ಲ ಬಾಡಿಗೆಯವರಿಗೆ ದಾಟಿಸುವ ಪದ್ಧತಿ ಈ ಸೀಮೆಯಲ್ಲಿ ಇರಬೇಕೆಂದುಕೊಂಡು ನನಗೆ ಮೈ ಮುದುಡಿತು.

"ಇಲ್ರೀ ಅಕ್ಕಾರ, ಬಾಡಿದ್ದು ನಾ ತಿನ್ನಂಗಿಲ್ಲ. ನಮಗ ತಾಜಾ ಬೇಕ್ರಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಯ್ಯೋ ಪಾಪ. ಓಗ್ಲಿ ಬುಡಿ, ನಿಮ್ಗೆ ಬ್ಯಾರೆ ಸೊಪ್ಸಾರು ಮಾಡ್ಕೊಡ್ತೀನಿ."

ನಮ್ಮ ಹಾವೇರಿ ಕಡೆಯವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ಬಾಡು ಎಂದರೆ ಮಾಂಸ. ಬಾಡೂಟ ಎಂಬ ಮಾತನ್ನು ನಾನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಸಾಕ್ಷಿ ಎಲ್ಲಿದೆ ಎಂದು ಹುಡುಗರನ್ನು ಪೀಡಿಸುವವನು. ಹಾಗಿದ್ದೂ ಅಂದು ನನಗೆ ನಿಜವಾಗಿ ತಿಳಿಯಲಿಲ್ಲವೋ, ಅಥವಾ ಹುಬ್ಬಳ್ಳಿಯಲ್ಲಿ ಮನೆ ಹುಡುಕುವಾಗ ಮಾಂಸದ ಹೆಸರೆತ್ತಿದ ಕೂಡಲೇ ಮುಚ್ಚಿಕೊಂಡ ಬಾಗಿಲುಗಳು ನೆನಪಾಗಿ ತಿಳಿಯದವನಂತೆ ನಟಿಸಿದೆನೋ, ಈಗ ಖಚಿತವಾಗಿ ಹೇಳಲಾರೆ. ಆ ದಿನವನ್ನು ನೆನೆದಷ್ಟೂ ಸೊಪ್ಪು ಮಾತ್ರ ಇನ್ನಷ್ಟು ಬಾಡುತ್ತ ಹೋಗುತ್ತದೆ.

ಹೀಗೆ ನಾನು ಈ ಬೀದಿಯ ಸಸ್ಯಾಹಾರಿಯಾದೆ. ನಿಂಗಮ್ಮನ ಮನೆಯಲ್ಲಿ ಭಾನುವಾರ ಮಸಾಲೆ ಅರೆಯುವ ವಾಸನೆ ಬಂದಾಗ ನನ್ನ ಬಾಗಿಲಿಗೆ ಸೊಪ್ಪಿನ ಸಾರೂ ಮುದ್ದೆಯೂ ಬರುತ್ತಿದ್ದವು. ಮುದ್ದೆ ನನಗೆ ಹೇಸಿಗೆಯೆನಿಸುತ್ತಿತ್ತು. ನಮ್ಮಲ್ಲಿ ರೊಟ್ಟಿಯನ್ನು ಮುರಿದು ಅಗಿದು ತಿನ್ನುತ್ತೇವೆ, ಇಲ್ಲಿ ಹಲ್ಲಿಗೆ ಕೆಲಸವೇ ಇಲ್ಲ. ಬಿಸಿಯಾದ ಬೂದುಗೆಂಪು ಗೋಲಿ ಗಂಟಲಲ್ಲಿ ಜಾರುವಾಗ ಜೀವವಿರುವ ಏನನ್ನೋ ನುಂಗಿದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ತಿದ್ದಿ ಹೇಳಲು ಮೊದಮೊದಲು ಸಂಕೋಚ. ತಿಂಗಳುಗಳು ಕಳೆದ ಮೇಲೆ ಹೇಳುವುದೇ ಅವಮಾನವೆನಿಸಿತು.

ಆಗ ಅವ್ವನ ಖೀಮಾ ಉಂಡೆ ನೆನಪಾಗತೊಡಗಿತು. ಕೊಚ್ಚಿದ ಮಾಂಸಕ್ಕೆ ನೆನೆಸಿದ ಅಕ್ಕಿ ಕಲಸಿ, ಉಂಡೆ ಕಟ್ಟಿ, ಟೊಮೆಟೊ ರಸದಲ್ಲಿಟ್ಟು, ಕೆಂಡದ ಮೇಲೆ ಮಧ್ಯಾಹ್ನದವರೆಗೆ ಬಿಟ್ಟರೆ ಅಕ್ಕಿ ಅರಳಿ ಉಂಡೆಯ ಮೈತುಂಬ ಮುಳ್ಳೇಳುತ್ತಿತ್ತು. ಅವ್ವ ಹೋಗಿ ಬಹಳ ಕಾಲವಾಯಿತು. ಅವಳ ದನಿ ಮರೆತಿದೆ, ಮುಖವೂ ಈಗ ಫೋಟೊದಲ್ಲಿರುವುದೇ. ಆ ರುಚಿಯೊಂದೇ ನನ್ನ ಬಳಿ ಉಳಿದಿತ್ತು. ಅದು ನಿಜವೆಂದು ಒಮ್ಮೆ ನನ್ನ ನಾಲಿಗೆಗೇ ತೋರಿಸಿಕೊಳ್ಳಬೇಕಿತ್ತು.

ಅದಕ್ಕಾಗಿ ಸ್ಲೋ ಕುಕ್ಕರ್ ತರಿಸಿದೆ. ಒಳಗೆ ಪಿಂಗಾಣಿ ಮಡಕೆ, ಕೆಳಗೆ ಕರೆಂಟಿನ ಮಂದ ಶಾಖ. ಬೆಳಿಗ್ಗೆ ಇಟ್ಟರೆ ಸಂಜೆಗೆ ಬೇಯುತ್ತದೆ. ಮುಖ್ಯವಾಗಿ, ಕೂಗುವುದಿಲ್ಲ. ಪಾಂಡವಪುರದ ಅಂಗಡಿಯಲ್ಲಿ ಯಾರಾದರೂ ನೋಡಿಯಾರೆಂದು ಶ್ರೀರಂಗಪಟ್ಟಣಕ್ಕೆ ಹೋಗಿ ಮಾಂಸ ಕೊಚ್ಚಿಸಿ ತಂದೆ. ಅಕ್ಕಿಯನ್ನು ಎಷ್ಟು ನೆನೆಸಬೇಕು, ಈರುಳ್ಳಿ ಹಸಿಯೋ ಹುರಿದದ್ದೋ, ಒಂದೂ ನೆನಪಿರಲಿಲ್ಲ. ತಣ್ಣಗಿನ ಖೀಮಾ ಬೆರಳ ಸಂದಿಗಳಿಂದ ಹಿಸುಕಿಕೊಂಡು ಬಂತು. ಹೇಗೋ ಉಂಡೆ ಕಟ್ಟಿ ಕುಕ್ಕರಿನಲ್ಲಿಟ್ಟು, ಕಿಟಕಿ ಮುಚ್ಚಿ, ಕಾಲೇಜಿಗೆ ಬಸ್ಸು ಹಿಡಿದೆ.

ಸಂಜೆ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಊರು ಮುಟ್ಟಿತು. ನಿಂಗಮ್ಮ ಪೊರಕೆ ಹಿಡಿದು ನನ್ನ ಬಾಗಿಲಲ್ಲೇ ನಿಂತಿದ್ದರು.

"ಬೀಗ ತಗೀರಿ ಮೇಷ್ಟ್ರೇ. ಒಳಗೆ ಇಲಿ ಸತ್ತೋಗದೆ."

"ನಾ ನೋಡ್ಕೋತೀನ್ರಿ ಅಕ್ಕಾರ."

"ನೀವೇನ್ ನೋಡೀರಿ, ಸೊಪ್ಪು ತಿನ್ನೋ ಜನ. ಕಂಡ್ರೆ ಬಿದ್ದೋಗ್ತೀರಿ. ತಗೀರಿ."

ನಾನು ಹೊರಟ ಸ್ವಲ್ಪ ಹೊತ್ತಿಗೇ ಬೀದಿಯ ಲೈಟು ಕಂಬ ಬದಲಿಸುವುದಕ್ಕೆಂದು ಕರೆಂಟು ತೆಗೆದಿದ್ದರಂತೆ. ಆಗತಾನೆ ಬಂದಿತ್ತು. ಮಾಂಸ ಹಗಲಿಡೀ ಉಗುರುಬೆಚ್ಚಗೆ ಕೂತಿತ್ತು. ನಿಂಗಮ್ಮ ವಾಸನೆಯ ಜಾಡು ಹಿಡಿದು ನೇರ ಹೋಗಿ ಮುಚ್ಚಳ ತೆಗೆದರು. ಹುಳಿ ಹತ್ತಿದ ನಾತ ಮುಖಕ್ಕೆ ಬಡಿಯಿತು. ಮೇಲೆ ಕಂದು ನೊರೆ, ಅಂಚಿಗೆ ಹೆಪ್ಪುಗಟ್ಟಿದ ಕೊಬ್ಬು, ಒಡೆದ ಉಂಡೆಗಳ ಮೈಯಿಂದ ಅರ್ಧ ಹೊರಬಂದ ಬಿಳಿ ಅಕ್ಕಿ. ಕಾಳುಗಳು ಅಲುಗುತ್ತಿಲ್ಲವೆಂದು ನಂಬಲು ನಾನು ಎರಡು ಸಲ ನೋಡಬೇಕಾಯಿತು.

"ಇದು ಬಾಡಲ್ವಾ?" ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಅನ್ನವ ಬಾಡಿಗೆ ಕಲ್ಸಿ ಉಂಡೆ ಕಟ್ಟವ್ರಲ್ಲ ಪಿಂಡ ಕಟ್ದಂಗೆ. ಥೂ. ಯಾರ್ಗಿಡಾಕೆ ಇದು?"

ನಾನು ಪ್ಲಗ್ ಕಿತ್ತು ಕಿಟಕಿ ತೆರೆದೆ.

"ಬಾಡು ತಿನ್ನಕಿಲ್ಲ ಅಂದ್ರಿ. ಕದ ಆಕ್ಕೊಂಡು ಇದ ತಿಂತೀರಿ. ನಮ್ ಕೈ ಊಟ ಅಷ್ಟು ಏಸಿಗೆ ಆಯ್ತಾ ಮೇಷ್ಟ್ರೇ?"

ಏಸಿಗೆ ಎಂದರೆ ಹೇಸಿಗೆ. ಇಲ್ಲಿಯ ಬಾಯಲ್ಲಿ ಹಕಾರ ಉಳಿಯುವುದಿಲ್ಲ. ಆದರೆ ಆ ಮಾತು ತಾಗಬೇಕಾದಲ್ಲೇ ತಾಗಿತು. ಪಾತ್ರೆಯನ್ನು ಹಿತ್ತಿಲ ಗುಂಡಿಗೆ ಸುರಿದು ಮಣ್ಣೆಳೆದು ಬಂದು, ಮೊದಲ ದಿನದ ಸೊಪ್ಪಿನಿಂದ ಹಿಡಿದು ಅವ್ವನ ಉಂಡೆಯವರೆಗೆ ಎಲ್ಲ ಹೇಳಿದೆ. ಅಷ್ಟರಲ್ಲಿ ಡೈರಿಗೆ ಹಾಲು ಹಾಕಿ ಬಂದಿದ್ದ ಅವರ ಯಜಮಾನ ಬೋರೇಗೌಡರು ಕೇಳಿಸಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

"ಲೇ ಇವ್ಳೇ, ಮೇಷ್ಟ್ರು ಬಾಡು ಅಂದ್ರೆ ಬಾಡೋಗಿರೋ ಸೊಪ್ಪು ಅಂದ್ಕಂಡವ್ರೆ ಕಣೇ. ಇವ್ರು ಉಡುಗ್ರುಗೆ ಏನ್ ಏಳ್ಕೊಡ್ತಾರೋ ಸಿವ್ನೇ ಬಲ್ಲ."

ನಿಂಗಮ್ಮ ನಗಲಿಲ್ಲ. "ಬಾನ್ವಾರ ಉಣ್ಣಕೆ ಬನ್ನಿ," ಎಂದಷ್ಟೇ ಹೇಳಿ ಹೋದರು.

ಭಾನುವಾರ ಕೈಮ ಉಂಡೆ ಮಾಡಿದ್ದರು. ನಮ್ಮ ಖೀಮಾ ಇಲ್ಲಿ ಕೈಮ. ಅಕ್ಕಿಯಿಲ್ಲ, ಹುರಿಗಡಲೆಯ ಪುಡಿ ಹಾಕಿ ಕಟ್ಟಿದ ಬಿಗಿಯಾದ ಸಣ್ಣ ಉಂಡೆ. ಸಾರಿನಲ್ಲಿ ಒಂದೂ ಒಡೆದಿರಲಿಲ್ಲ. ನಾಗಮಂಗಲದ ತಮ್ಮ ತವರಿನಲ್ಲಿ ಇದಕ್ಕೆ ಇನ್ನಷ್ಟು ಚಕ್ಕೆ ಹಾಕುತ್ತಾರೆಂದೂ ಅದು ತಮಗೆ ಸೇರುವುದಿಲ್ಲವೆಂದೂ ನಿಂಗಮ್ಮ ಹೇಳಿದರು. ಚೆನ್ನಾಗಿತ್ತು. ಅದಕ್ಕೇ ನನಗೆ ಭಯವಾಯಿತು. ಎರಡನೆಯ ಉಂಡೆಗೆ ಅವ್ವನ ಟೊಮೆಟೊ ರಸ ಮಸುಕಾಯಿತು, ನಾಲ್ಕನೆಯದಕ್ಕೆ ನಾಲಿಗೆಯ ಮೇಲೆ ಅದರ ಗುರುತೇ ಇರಲಿಲ್ಲ.

ಕೋಣೆಗೆ ಬಂದವನೇ ಅಣ್ಣನಿಗೆ ಫೋನ್ ಮಾಡಿದೆ. ಅವ್ವ ಅಕ್ಕಿ ಎಷ್ಟು ಹಾಕುತ್ತಿದ್ದಳು ಎಂದು ಕೇಳಿದೆ.

"ಏ ಹುಚ್ಚಾ, ಅವ್ವ ಯಾವಾಗ ಖೀಮಾ ಉಂಡಿ ಮಾಡ್ಯಾಳೋ? ಅಕಿಗೆ ಖೀಮಾ ಕಂಡ್ರ ವಾಂತಿ ಬರ್ತಿತ್ತು. ಅದು ಬಾಜೂ ಮನಿ ಚಿಗವ್ವ, ಖಾಲಾ ಅಂತಿದ್ವಲ್ಲ, ಅವ್ರು ಮಾಡ್ತಿದ್ರು. ನೀ ದಿನಾ ಅಲ್ಲೇ ಬಿದ್ದಿರ್ತಿದ್ದಿ. ಕರಿಯಾಕ ಬಂದ್ರ ಬರ್ತಿದ್ದಿಲ್ಲ, ನಾ ಎಳಕೊಂಡ್ ಬರ್ತಿದ್ದೆ."

ಅಣ್ಣನ ನೆನಪೂ ಸಾಕ್ಷಿಯಲ್ಲ ಎಂದು ನನಗೆ ಗೊತ್ತು. ಆದರೂ ಫೋನ್ ಇಟ್ಟ ಮೇಲೆ, ನೆನಪಿನಲ್ಲಿ ತಟ್ಟೆಗೆ ಉಂಡೆ ಬಡಿಸುವ ಆ ಕೈಯನ್ನು ಹಿಡಿದು ಮುಖದವರೆಗೆ ಹೋಗಲು ನೋಡಿದೆ. ಮೊಣಕೈ ದಾಟಲಾಗಲಿಲ್ಲ.

ಹಾವೇರಿ ನನ್ನ ಮನೆ, ಇದು ಪರರ ಮನೆ ಎಂಬ ಭರವಸೆಯ ಮೇಲೆ ಇಲ್ಲಿಯ ಎಲ್ಲದಕ್ಕೂ ಇಷ್ಟು ದಿನ ಮೂಗು ಮುರಿದಿದ್ದೆ. ಅಣ್ಣ ಹೇಳಿದ್ದು ನಿಜವಾದರೆ, ಅಲ್ಲಿಯೂ ನಾನು ಪಕ್ಕದ ಮನೆಯಲ್ಲಿ ಉಂಡು ಬೆಳೆದವನು, ಎಳೆದು ತಂದರೆ ಮಾತ್ರ ಮನೆಗೆ ಬರುತ್ತಿದ್ದವನು.

ಮರುದಿನ ಕಾಲೇಜಿನಿಂದ ಬಂದಾಗ ಗೋಡೆಯಾಚೆಯಿಂದ ನಿಂಗಮ್ಮ ಕೂಗಿದರು. "ಮೇಷ್ಟ್ರೇ, ನೆನ್ನೆ ಸಾರು ಉಳ್ದದೆ. ಮುದ್ದೆ ಆರೋಯ್ತದೆ, ಬನ್ನಿ."

ಎದ್ದು ಹೋದೆ. ಯಾವ ಮನೆಯಿಂದ ಯಾವ ಮನೆಗೆ ಎಂದು ಮಾತ್ರ ಕೇಳಬೇಡಿ.