ತಾಟು ತೊಳೆದು ಕುಡಿಯುವ ಹುಡುಗಿ

ಒಂದು ಶಾಲೆ ಎಂಥದು ಎಂದು ಗೇಟಿನಲ್ಲಿ ನಿಂತೇ ಹೇಳಬಲ್ಲೆ ಎಂಬ ಜಂಬ ನನ್ನದು. ಸಾಲಗುಂದದ ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಅಂಗಳ ನೋಡಿ ಹೆಡ್‌ಮಾಸ್ತರರ ಗುಣ ಹೇಳುತ್ತೇನೆ. ಹಾಗಾಗಿ ನನ್ನ ಮಗಳಿಗೆ ವಿಶೇಷ ಶಾಲೆ ಹುಡುಕುವ ಕೆಲಸ ನನ್ನ ತಲೆಗೇ ಬಂದಾಗ ಒಂದಿಷ್ಟೂ ಅಳುಕಲಿಲ್ಲ.

ಮಗಳಿಗೆ ಆಗ ಹನ್ನೊಂದು ವರ್ಷ. ಬುದ್ಧಿಯ ಬೆಳವಣಿಗೆ ನಾಲ್ಕೈದು ವರ್ಷದ ಮಗುವಿನಷ್ಟು ಎಂದು ಡಾಕ್ಟರು ಹೇಳಿದ್ದರು. ಆಡುವ ಮಾತು ಹತ್ತಿಪ್ಪತ್ತು. ನಾಲ್ಕು ವರ್ಷ ನನ್ನ ತರಗತಿಯಲ್ಲೇ ಕೂರಿಸಿ ನೋಡಿದ್ದೆ. ಅವಳು ಸುಮ್ಮನೆ ಕೂತಿದ್ದಳು, ನಾನು ಹಾಜರಿ ಹಾಕಿದ್ದೆ, ಅಷ್ಟೆ. ಊರ ಮಕ್ಕಳಿಗೆಲ್ಲ ಕಲಿಸಿದವಳಿಗೆ ಸ್ವಂತ ಮಗಳಿಗೆ ಏನೂ ಕಲಿಸಲಾಗಲಿಲ್ಲ ಎಂಬ ಸಂಕಟ ನನಗಿತ್ತು. ನಾವಿಲ್ಲದ ಕಾಲಕ್ಕೆ ಅವಳು ನಾಲ್ಕು ಜನರ ನಡುವೆ ಹೇಗೆ ಬಾಳುತ್ತಾಳೆ ಎಂಬ ಚಿಂತೆ ಅದಕ್ಕಿಂತ ದೊಡ್ಡದು.

ನೋಡಬೇಕಾಗಿದ್ದು ಎರಡೇ ಶಾಲೆ. ಲಿಂಗಸುಗೂರಿನದಕ್ಕೆ ಹಾಸ್ಟೆಲ್ ಇತ್ತು. ನಮ್ಮ ಯಜಮಾನರು ಹಟ್ಟಿಯ ಗಣಿಯಲ್ಲಿ ಶಿಫ್ಟ್ ಕೆಲಸದವರು, ಅಲ್ಲಿನ ಕ್ವಾರ್ಟರ್ಸಿನಲ್ಲೇ ಇರುತ್ತಾರೆ; ಅವರಿಗೆ ಹತ್ತಿರ, ಆಗಾಗ ಹೋಗಿ ನೋಡಿ ಬರಬಹುದು. ಮಸ್ಕಿಯದು ಹಗಲು ಶಾಲೆ. ಸಿಂಧನೂರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ನೋಡುವ ಮೊದಲೇ ನಾನು ಲಿಂಗಸುಗೂರಿಗೆ ಪೂರ್ತಿ ಅಂಕ ಹಾಕಿ ಮುಗಿಸಿದ್ದೆ.

ಹೊರಡುವ ಮುನ್ನ ಒಂದು ಜಾಣತನ ಮಾಡಿದೆ. ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುವ ಪದ್ಧತಿ. ಉಣ್ಣುವುದು ಪ್ರಸಾದ, ಒಂದು ಅಗುಳೂ ಹಾಳಾಗಬಾರದು ಎಂಬುದು ನಮ್ಮತ್ತೆಯ ಕಟ್ಟಪ್ಪಣೆ. ನೌಕರಿಗೆ ಸೇರಿದ ಮೇಲೆ ನಾನು ಅದನ್ನು ಬಿಟ್ಟಿದ್ದೆ, ನಾಲ್ಕು ಜನ ನೋಡುತ್ತಾರೆಂದು ನಾಚಿಕೆ. ಮಗಳು ಮಾತ್ರ ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ. ಲಿಂಗಸುಗೂರಿನವರು ನೋಡಿದರೆ ಏನೆಂದುಕೊಂಡಾರು ಎಂದು ನಾನು ನಾಲ್ಕು ದಿನ ಅವಳ ಕೈ ಹಿಡಿದು, ಬೇಡ ಬೇಡ ಎಂದು ಬಿಡಿಸಿದೆ.

ಲಿಂಗಸುಗೂರಿನ ಶಾಲೆ ಹೊಳೆಯುವ ಟೈಲ್ಸಿನದು. ಮಧ್ಯಾಹ್ನ ಅವಳನ್ನೂ ಊಟದ ಸಾಲಿನಲ್ಲಿ ಕೂರಿಸಿದರು. ಚೆಲ್ಲದೆ ಉಂಡಳು. ಉಳಿದ ಮಕ್ಕಳು ಎದ್ದರು, ಇವಳು ಏಳಲಿಲ್ಲ. ತಾಟು ನೋಡಿದಳು, ನನ್ನನ್ನು ನೋಡಿದಳು. ನಾನು ದೂರದಿಂದಲೇ ತಲೆ ಅಲ್ಲಾಡಿಸಿ ಬೇಡ ಎಂದೆ. ಆಯಾ ಬಂದು ರಟ್ಟೆ ಹಿಡಿದು ಎಬ್ಬಿಸಿದರೆ ಎರಡೂ ಕೈಯಲ್ಲಿ ತಾಟನ್ನು ಗಟ್ಟಿಯಾಗಿ ಹಿಡಿದು ಚೀರಿದಳು.

“ಹೇಳಿದ ಮಾತು ಕೇಳಂಗಿಲ್ಲ ರೀ ಈಕಿ,” ಎಂದರು ಅಲ್ಲಿನ ಮುಖ್ಯಸ್ಥೆ. “ಆರು ತಿಂಗಳು ಮನಿಗೆ ಕಳಸದಂಗ ಇಟ್ಕೊಂಡ್ರ ಹಾದಿಗೆ ಬರ್ತಾಳ.”

ಊಟ ಮುಗಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಅದನ್ನು ಮುಚ್ಚಿದವಳು ನಾನು. ಅದನ್ನು ಅವರಿಗೆ ಹೇಳದೆ ಮಗಳನ್ನು ಕರೆದುಕೊಂಡು ಬಸ್ ಹತ್ತಿದೆ. ಮನೆಗೆ ಬಂದು ಅತ್ತೆಯ ಮುಂದೆ ಹೇಳಿಕೊಂಡೆ.

“ಆಕಿ ತಾನಾಗಿ ಕಲ್ತಿದ್ದು ಅದೊಂದು. ಅದನ್ನೂ ಬಿಡಿಸಿದೇನು?” ಎಂದರು. “ಊರಿಗೆ ಉಪಕಾರಿ, ಮನಿಗೆ ಮಾರಿ ಅಂದಂಗಾತು ನಿಂದು.”

ಬೈಸಿಕೊಳ್ಳಬೇಕಾದ್ದೇ, ಬೈಸಿಕೊಂಡೆ.

ಮರುವಾರ ಮಸ್ಕಿಗೆ ಹೊರಟಾಗ ಅತ್ತೆ ಕರೆಯದಿದ್ದರೂ ಬಸ್ ಹತ್ತಿದರು. ಅಲ್ಲಿದ್ದದ್ದು ಎರಡು ಕೋಣೆ, ಒಂದು ತಗಡಿನ ಪಡಸಾಲೆ. ಗೇಟಿನಲ್ಲೇ ನಾನು ಫೇಲ್ ಮಾಡಿದೆ. ಊಟದ ಹೊತ್ತಿಗೆ ಅತ್ತೆ ಯಾರನ್ನೂ ಕೇಳದೆ ಮೊಮ್ಮಗಳ ಪಕ್ಕ ಕೂತು, ಉಂಡು, ತಾಟು ತೊಳೆದು ಕುಡಿದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳೂ ನೀರು ಹಾಕಿದಳು, ತೊಳೆದಳು, ಕುಡಿದಳು, ಎದ್ದು ತಾಟನ್ನು ಉಳಿದ ತಾಟುಗಳ ಮೇಲೆ ಇಟ್ಟು ಬಂದಳು.

ಅಲ್ಲಿನ ಟೀಚರು ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಮಕ್ಕಳ ಸಾಲಿನಲ್ಲೇ ಕೂತು ಉಣ್ಣುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ಇದನ್ನ ಯಾರು ಕಲಿಸಿದ್ರು ರೀ?”

“ಯಾರೂ ಕಲಿಸಿಲ್ಲವ್ವಾ,” ಎಂದರು ಅತ್ತೆ. “ನನ್ನ ಬಾಜೂಕ ಕುಂದರ್ತಾಳ. ನೋಡಿ ಕಲ್ತಾಳ.”

“ಆ ಚಟ ಬಿಡಿಸಬೇಕೇನ್ರಿ?” ಎಂದು ನಾನು ನಡುವೆ ಬಾಯಿ ಹಾಕಿದೆ.

“ಯಾಕ್ರಿ ಮೇಡಂ? ಊಟ ಮುಗೀತು ಅಂತ ಆಕಿಗೆ ತಿಳಿಯೋದ ಅದರಿಂದ. ಈಕಿಗೆ ಮುಂದ ನಿಂತು ಹೇಳಿದ್ರ ಬರಂಗಿಲ್ಲ, ಬಾಜೂಕ ಒಬ್ರು ಕುಂದರ್ಬೇಕು. ನಾವು ಇಲ್ಲಿ ಅದನ್ನ ಮಾಡಾಕತ್ತೀವಿ.”

ನಾಲ್ಕು ವರ್ಷ ನಾನು ಅವಳ ಮುಂದೆಯೇ ನಿಂತಿದ್ದೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು. ಒಂದು ದಿನವೂ ಪಕ್ಕದಲ್ಲಿ ಕೂತಿರಲಿಲ್ಲ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಜೀವ ಹಗುರಾಯಿತು. ಇವಳು ಕಲಿಯುತ್ತಾಳೆ ಎಂದು ಮೊದಲ ಬಾರಿಗೆ ಒಬ್ಬರು ಹೇಳಿದ್ದರು, ಹೇಗೆ ಎಂಬುದನ್ನೂ ಹೇಳಿದ್ದರು. ಅವತ್ತೇ ಫಾರಂ ತುಂಬಿದೆ.

ದಿನಾ ಯಾರು ಕರೆದೊಯ್ಯುವುದು ಎಂಬ ಪ್ರಶ್ನೆಯನ್ನು ಅತ್ತೆ ಬಸ್ಸಿನಲ್ಲೇ ಮುಗಿಸಿದರು. “ನಾ ಹೋಗ್ತೀನಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಐತಿ. ಮನ್ಯಾಗ ಕುಂತು ಕಡಿದು ಕಟ್ಟಿ ಹಾಕೋದು ಏನೈತಿ?” ಟೈಲ್ಸಿನ ಶಾಲೆ ಬಿಟ್ಟು ತಗಡಿನ ಶಾಲೆಗೆ ಹಾಕಿದಳು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಯಜಮಾನರು ಮಾತ್ರ ರಜೆಯಲ್ಲಿ ಒಮ್ಮೆ ಹೋಗಿ ನೋಡಿ, “ಚಲೋ ಮಾಡಿದಿ” ಎಂದರು.

ಈಗ ಎರಡನೆಯ ವರ್ಷ. ಮಗಳು ಮಸ್ಕಿ ಬರುವ ಮೊದಲೇ ಬಸ್ಸಿನ ಸೀಟು ಬಿಟ್ಟು ಎದ್ದು ನಿಲ್ಲುತ್ತಾಳೆ, ಅಜ್ಜಿಯನ್ನೂ ಎಬ್ಬಿಸುತ್ತಾಳೆ. ಅಕ್ಷರ ಬಂದಿಲ್ಲ. ಬರದಿದ್ದರೂ ನಾನು ಅಳುವುದಿಲ್ಲ.

ಮೊನ್ನೆ ಭಾನುವಾರ ಅವಳಿಗೆ ಬಡಿಸುತ್ತಿದ್ದೆ. ಹುಟ್ಟಿದಾಗಿನಿಂದ ಅವಳ ಹೊಟ್ಟೆ ತುಂಬಿತೆಂದು ತೀರ್ಮಾನಿಸುತ್ತಿದ್ದವಳು ನಾನೇ. ಹಾಕಿದಷ್ಟನ್ನು ಉಣ್ಣುತ್ತಿದ್ದಳು, ಹೆಚ್ಚಾದರೆ ಕಕ್ಕುತ್ತಿದ್ದಳು. ಅವತ್ತು ಮೂರನೆಯ ರೊಟ್ಟಿ ಹಾಕಲು ಬಗ್ಗಿದರೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

“ಸಾಕು,” ಎಂದಳು.

ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದೇ ಇಲ್ಲ.

“ಇನ್ನ ಅರ್ಧ ಉಣ್ಣು ನನ್ನವ್ವ.”

“ಸಾಕು.”

“ಸಾಕಂತಾಳ, ಕೇಳಿಸ್ಲಿಲ್ಲೇನು ನಿನಗ?” ಎಂದರು ಒಳಗಿನಿಂದ ಅತ್ತೆ.

ಕೇಳಿಸಿತ್ತು. ಎರಡನೆಯ ಸಲ ಕೇಳುವ ಆಸೆಗೇ ಒತ್ತಾಯ ಮಾಡಿದ್ದೆ. ಆ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತು ಉಂಡೆ, ಕಣ್ಣೊರೆಸಿಕೊಳ್ಳುತ್ತ. ಅವಳು ತನ್ನ ತಾಟು ತೊಳೆದು ಕುಡಿದಳು. ಆಮೇಲೆ ನೀರಿನ ತಂಬಿಗೆಯನ್ನು ನನ್ನ ಕಡೆಗೆ ತಳ್ಳಿ, ನಾನೂ ತೊಳೆದು ಕುಡಿಯುವ ತನಕ ಏಳದೆ ಕಾಯುತ್ತ ಕೂತಳು.